ಸಂಡಿಗೆ ಕಾದ ಟೇಪು

ನನ್ನ ಗಂಡ ಸೇತುರಾಮ ರೇಡಿಯೋದಲ್ಲಿ ಧ್ವನಿಮುದ್ರಣದ ಇಂಜಿನಿಯರ್ ಆಗಿದ್ದವರು. ನಿವೃತ್ತರಾದ ಗಂಡಸರಲ್ಲಿ ಕೆಲವರು ಪಾರ್ಕಿನ ಬೆಂಚು ಹಿಡಿಯುತ್ತಾರೆ, ಕೆಲವರು ಅಡುಗೆಮನೆಗೆ ಬಂದು ಹುರುಳಿಕಾಯಿ ಹೆಚ್ಚುವುದು ಹೇಗೆಂದು ನಮಗೇ ಪಾಠ ಹೇಳುತ್ತಾರೆ. ಇವರು ಎರಡನ್ನೂ ಮಾಡಲಿಲ್ಲ, ಅದಕ್ಕೆ ನಾನು ದೇವರಿಗೆ ಕೈ ಮುಗಿಯುತ್ತೇನೆ. ಜಯನಗರ ಫೋರ್ತ್ ಟಿ ಬ್ಲಾಕಿನ ನಮ್ಮ ಮನೆಯ ಮುಂದಿನ ಕೋಣೆಯನ್ನು ತಮ್ಮದಾಗಿಸಿಕೊಂಡು, ಜನ ತಂದುಕೊಡುವ ಹಳೆಯ ಸ್ಪೂಲ್ ಟೇಪುಗಳನ್ನು ಸರಿಮಾಡಿ ಕ್ಯಾಸೆಟ್ಟಿಗೆ ಇಳಿಸಿಕೊಡುವ ಕೆಲಸ ಹಚ್ಚಿಕೊಂಡರು.

ಅವರ ಕೈಗೆ ಬಂದ ಟೇಪು ಹೊರಗೆ ಹೋಗುವಾಗ ಮಿಂದು ಮಡಿಯುಟ್ಟು ಹೋಗಬೇಕು. ಯಾವುದೋ ರಾಮನವಮಿ ಕಛೇರಿಯ ಟೇಪು ಬಂದಿತೆನ್ನಿ. ತಂಬೂರಿ ಶ್ರುತಿ ಮಾಡುವುದು, ಮೃದಂಗದವರು ತಟ್ಟಿ ನೋಡುವುದು, ಮುಂದಿನ ಸಾಲಿನ ಕೆಮ್ಮು, ಹಿಂದಿನ ಸಾಲಿನ ಹರಟೆ, ಎಲ್ಲವನ್ನೂ ಬ್ಲೇಡಿನಲ್ಲಿ ಕತ್ತರಿಸಿ ತೆಗೆದು, ಬರೀ ಸಂಗೀತದ ಭಾಗವನ್ನು ಮತ್ತೆ ಅಂಟಿಸುತ್ತಾರೆ. ರೇಡಿಯೋದಲ್ಲಿ ಜೀವಮಾನವಿಡೀ ಮಾಡಿದ್ದು ಅದೇ ಕೆಲಸ. "ನನ್ನ ಟೇಪಲ್ಲಿ ಇವತ್ತಿನವರೆಗೂ ಒಬ್ಬರೂ ಕೆಮ್ಮಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ. ಮಗಳು ಅಮೆರಿಕದಿಂದಲ್ಲ, ಕತ್ರಿಗುಪ್ಪೆಯಿಂದಲೇ ಬಂದು, "ಅಪ್ಪಾ, ಈಗೆಲ್ಲ ಕಂಪ್ಯೂಟರಲ್ಲೇ ಕತ್ತರಿಸ್ತಾರೆ" ಎಂದಳು. ಕತ್ತರಿಸಿದ್ದು ಕಣ್ಣಿಗೆ ಕಾಣಬೇಡವೇ ಎಂದು ಅವಳ ಬಾಯಿ ಮುಚ್ಚಿಸಿದರು.

ಕತ್ತರಿಸಿದ ತುಂಡುಗಳು ಬುಟ್ಟಿಗೆ ಬೀಳುತ್ತವೆ, ಬುಟ್ಟಿಯಿಂದ ನನ್ನ ಕೈಗೆ ಬರುತ್ತವೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಇಟ್ಟವರಿಗೆ ಕಾಗೆಯ ಕಾಟ ಗೊತ್ತೇ ಇದೆ. ಹಾಸಿದ ಪಂಚೆಯ ಸುತ್ತ ನಾಲ್ಕು ಕೋಲು ನಿಲ್ಲಿಸಿ ಟೇಪಿನ ತುಂಡು ಎಳೆದು ಕಟ್ಟಿದರೆ ಬಿಸಿಲಿಗೆ ಫಳಫಳ ಹೊಳೆಯುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಒಂದು ಕಾಗೆಯೂ ಹತ್ತಿರ ಸುಳಿಯುವುದಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಮಾರ್ಚ್ ತಿಂಗಳಲ್ಲಿ ನನ್ನ ಹತ್ತಿರ ಟೇಪು ಕೇಳಿಕೊಂಡು ಬರುತ್ತಾರೆ.

ಎರಡು ಸಾವಿರದ ಒಂದನೇ ಇಸವಿಯ ಅಂಥದೇ ಒಂದು ಮಾರ್ಚಿನಲ್ಲಿ ಜಯಾ ಬಂದಳು. ನಲವತ್ತು ದಾಟಿದ ಹೆಂಗಸು, ಜೆ.ಪಿ. ನಗರದ ಒಂದು ಬ್ಯಾಂಕಿನಲ್ಲಿ ಕೆಲಸ, ಮನೆ ಜರಗನಹಳ್ಳಿ. ಕೈಯಲ್ಲೊಂದು ತಗಡಿನ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದದ್ದೇ ತಡ, ಹುಳಿ ವಾಸನೆ ಅಡುಗೆಮನೆಯವರೆಗೂ ಬಂತು. ಉಪ್ಪಿನಕಾಯಿ ತಂದಿದ್ದಾರೇನೋ ಎಂದು ನಾನು ಹೊರಗೆ ಬಂದೆ. ನೋಡಿದರೆ ಮೂರು ಸ್ಪೂಲ್ ಟೇಪುಗಳು. ಆ ಕಾಲದ ಟೇಪು ಹಳತಾದರೆ ಹಾಗೆ ಹುಳಿ ವಾಸನೆ ಬರುತ್ತದಂತೆ.

"ನಮ್ಮಪ್ಪ ಪಿಳ್ಳಣ್ಣ ಅಂತ, ಸಾರ್. ಕಂಟೋನ್ಮೆಂಟಲ್ಲಿ ಒಂದು ದೊಡ್ಡ ಜಾಜ್ ಬ್ಯಾಂಡಲ್ಲಿ ಸ್ಯಾಕ್ಸೊಫೋನ್ ಊದ್ತಿದ್ರು. ಹದಿನಾರು ಜನ ಸಾಲಾಗಿ ಕೂತ್ಕೊಂಡು ಬಾರಿಸೋ ಬ್ಯಾಂಡು. ಅದರ ಮಾಸ್ಟರ್ ಮಗಳು ಫ್ರೇಜರ್ ಟೌನ್ ಮನೆ ಖಾಲಿ ಮಾಡೋವಾಗ ಇವನ್ನ ನನಗೆ ಕೊಟ್ರು. ಸ್ಯಾಕ್ಸೊಫೋನ್ ಒಂಟಿಯಾಗಿ ಎದ್ದು ಬಂದ್ರೆ ಅದು ಪಿಳ್ಳಣ್ಣಂದೇ ಅಂದ್ರು."

"ಜರಗನಹಳ್ಳಿಯಿಂದ ಜಾಜಿಗಾ?" ಎಂದರು ನಮ್ಮವರು. ಕರ್ನಾಟಕ ಸಂಗೀತದ ಆಚೆ ಇರುವುದೆಲ್ಲ ಅವರ ಲೆಕ್ಕದಲ್ಲಿ ಗಲಾಟೆ.

"ಹೂಂ ಸಾರ್. ತಾತ ರಾಗಿ ಹೊಲ ನೋಡ್ಕೋ ಅಂದ್ರೆ, ಇವರು ಸೈಕಲ್ ತುಳ್ಕೊಂಡು ಮಿಲಿಟರಿ ಬ್ಯಾಂಡಿನವರ ಹತ್ರ ಕಲಿಯಕ್ಕೆ ಹೋಗ್ತಿದ್ರಂತೆ." ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಇವು ಯಾವ ವರ್ಷದ್ದು ಅಂತ ಗೊತ್ತಾಗತ್ತಾ ಸಾರ್? ನಾನು ಹುಟ್ಟಿದ್ದು ಐವತ್ತೊಂಬತ್ತರಲ್ಲಿ. ಅದಕ್ಕೆ ಮುಂಚೇದಾ, ಆಮೇಲಿಂದಾ, ಅಷ್ಟು ಗೊತ್ತಾದ್ರೆ ಸಾಕು."

ಕಾಫಿ ಕೊಡುವ ನೆಪದಲ್ಲಿ ನಾನು ಅವಳನ್ನು ಒಳಗೆ ಕರೆದುಕೊಂಡೆ. ನನಗೆ ಇಸವಿಗಿಂತ ಅದನ್ನು ಕೇಳುವ ಮುಖದ ಮೇಲೆ ಆಸಕ್ತಿ. ಅವಳೂ ಯಾರ ಹತ್ತಿರವಾದರೂ ಹೇಳಿಕೊಳ್ಳಲು ಕಾಯುತ್ತಿದ್ದಳೆಂದು ಕಾಣುತ್ತದೆ. ಅವಳು ಹುಟ್ಟಿದಾಗಲೇ ತಾಯಿ ತೀರಿಕೊಂಡಳಂತೆ. ಅಪ್ಪನ ಅಕ್ಕ ಲಕ್ಕಮ್ಮ ಮಗುವನ್ನು ಸಾಕಿದಳು. ಪಿಳ್ಳಣ್ಣ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮಿಲ್ಲಿನ ಉಗ್ರಾಣದಲ್ಲಿ ಗುಮಾಸ್ತನಾದ. ಲಕ್ಕಮ್ಮ ಮದುವೆ ಮುಂಜಿಯಲ್ಲಿ, ಗೃಹಪ್ರವೇಶದಲ್ಲಿ, ನಾಲ್ಕು ಜನ ಸೇರಿದಲ್ಲೆಲ್ಲ ಈ ಕಥೆ ಹೇಳುವಳು: ನೋಡಿ, ಈ ಹುಡುಗಿ ಹುಟ್ಟಿದ ಮೇಲೆ ನನ್ನ ತಮ್ಮ ಒಂದು ಸಲವೂ ಊದಲಿಲ್ಲ, ಇವಳಿಗೋಸ್ಕರ ಎಲ್ಲ ಬಿಟ್ಟುಬಿಟ್ಟ. ಆಕೆ ತಮ್ಮನನ್ನು ಹೊಗಳಲೆಂದೇ ಹೇಳುತ್ತಿದ್ದದ್ದು. ಆದರೆ ಕೇಳಿ ಕೇಳಿ ಈ ಹುಡುಗಿಗೆ ಅದು ಬೇರೆ ರೀತಿ ಕೇಳಿಸಿತು. ಅಮ್ಮನನ್ನು ಕಳೆದದ್ದೂ ನಾನೇ, ಅಪ್ಪನ ಸಂಗೀತ ನಿಲ್ಲಿಸಿದ್ದೂ ನಾನೇ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು.

"ಅಪ್ಪನ್ನೇ ಕೇಳ್ಬಹುದಿತ್ತಲ್ಲಮ್ಮಾ?" ಎಂದೆ. ಪಿಳ್ಳಣ್ಣ ಹೋಗಿ ಒಂದು ವರ್ಷವಷ್ಟೇ ಆಗಿತ್ತು.

"ಭಯ ಆಂಟಿ," ಎಂದಳು. "ಹೌದು ಅಂದ್ಬಿಟ್ರೆ?"

ನನಗೆ ಆ ಲಕ್ಕಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನೋಡದೆ ಇದ್ದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಬಹಳ ಸುಲಭ.

ನಮ್ಮವರು ಮಾರನೆಯ ದಿನವೇ ಕೆಲಸ ಶುರುಮಾಡಿದರು. ಟೇಪು ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೆತ್ತಗೆ ಬಿಡಿಸಿ, ಒರೆಸಿ, ತುಂಡಾದಲ್ಲಿ ಅಂಟಿಸಿ, ಯಂತ್ರದ ಹೆಡ್ಡು ತಿಕ್ಕಿ, ಅಂತೂ ಹಾಡಿಸಿದರು. ನಾನು ಅಡುಗೆಮನೆಯಲ್ಲಿ ಸಂಡಿಗೆಗೆ ಹಿಟ್ಟು ಕಾಯಿಸುತ್ತಿದ್ದೆ. ಗೋಡೆಯಾಚೆ ಹದಿನಾರು ಜನ ಒಟ್ಟಿಗೆ ಜಗಳಕ್ಕೆ ನಿಂತು ಒಟ್ಟಿಗೇ ರಾಜಿಯಾದ ಹಾಗೆ ಸದ್ದು ಎದ್ದಿತು. ಆಮೇಲೆ ಎಲ್ಲರೂ ತಗ್ಗಿದಾಗ ಒಂದು ವಾದ್ಯ ಮಾತ್ರ ಮೇಲೆ ಬಂತು. ಸ್ವಲ್ಪ ಗೊಗ್ಗರು, ಸ್ವಲ್ಪ ತುಂಟ. ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಊರು ಸುತ್ತಲು ಹೊರಟವನ ಖುಷಿ ಅದರಲ್ಲಿತ್ತು. ನನ್ನ ಸೌಟು ನಿಂತಿತು, ಹಿಟ್ಟು ತಳ ಹಿಡಿಯಿತು. ಹೊರಗೆ ಬಂದು ನೋಡಿದರೆ ನಮ್ಮ ಕರ್ನಾಟಕ ಸಂಗೀತದವರು ಹೆಬ್ಬೆರಳು ಕುಣಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಹೆಬ್ಬೆರಳು ನಿಲ್ಲಿಸಿ, "ಟೈಮಿಂಗ್ ಪರವಾಗಿಲ್ಲ" ಎಂದರು.

ಹಾಡೇನೋ ಸಿಕ್ಕಿತು, ಇಸವಿ ಸಿಗಲಿಲ್ಲ. ಡಬ್ಬಿಯ ಮೇಲೆ ಒಂದಕ್ಷರ ಬರೆದಿರಲಿಲ್ಲ. ಟೇಪನ್ನು ಬೆಳಕಿಗೆ ಹಿಡಿದರು. ಬೆಳಕು ಹಾಯುತ್ತದೆ, ಆದ್ದರಿಂದ ಹಳೆಯ ಜಾತಿಯದು. ಐವತ್ತೈದರಿಂದ ಅರವತ್ತೈದರೊಳಗೆ ಯಾವಾಗ ಬೇಕಾದರೂ ಮುದ್ರಿಸಿರಬಹುದು ಎಂದರು. ಬಾರಿಸಿದ ಹಾಡುಗಳಿಂದ ಕಂಡುಹಿಡಿಯೋಣವೆಂದು ಇಂಗ್ಲಿಷ್ ಸಂಗೀತ ಬಲ್ಲ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಕೇಳಿಸಿದರು. ಎಲ್ಲವೂ ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಹಾಡುಗಳಂತೆ, ಅವನ್ನು ಯಾವ ವರ್ಷವಾದರೂ ಬಾರಿಸಬಹುದಂತೆ. ಕೊನೆಗೆ ತಮ್ಮ ಪದ್ಧತಿಯ ಪ್ರಕಾರ ಬ್ಲೇಡು ಹಿಡಿದು, ಸಂಗೀತವಲ್ಲದ್ದನ್ನೆಲ್ಲ ಕತ್ತರಿಸಿ, ಚೊಕ್ಕ ಕ್ಯಾಸೆಟ್ಟು ಮಾಡಿಟ್ಟರು.

ಜಯಾ ನಮ್ಮ ಮುಂದೆಯೇ ಕೂತು ಕೇಳಿದಳು. ಆ ಒಂಟಿ ಸ್ಯಾಕ್ಸೊಫೋನು ಮೇಲೆದ್ದಾಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಊದಿದ್ದನ್ನು ಹುಟ್ಟಿದಂದಿನಿಂದ ಮೊದಲ ಸಲ ಕೇಳುತ್ತಿದ್ದಾಳೆ, ಯಾರಿಗೆ ತಾನೇ ಕಣ್ಣಲ್ಲಿ ನೀರು ಬರುವುದಿಲ್ಲ? ನನಗೂ ಬಂತು. ಕ್ಯಾಸೆಟ್ಟು ಮುಗಿದ ಮೇಲೆ ಕೇಳಿದಳು, "ಸಾರ್, ವರ್ಷ?"

"ಗೊತ್ತಾಗಲ್ಲಮ್ಮಾ. ಸುಳ್ಳು ಹೇಳ್ಬಾರ್ದು, ಐವತ್ತೊಂಬತ್ತಕ್ಕೆ ಮುಂಚೆ ಇರಬಹುದು, ಆಮೇಲೂ ಇರಬಹುದು."

"ಮುಂಚೇದೇ ಇರ್ಬೇಕು ಬಿಡಿ," ಎಂದಳು. ಮುಖ ಇಷ್ಟೇ ಇಷ್ಟಾಯಿತು. ಕ್ಯಾಸೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು, ಡಬ್ಬಿಯನ್ನು ನಮ್ಮಲ್ಲೇ ಬಿಟ್ಟು, ಇಬ್ಬರಿಗೂ ನಮಸ್ಕಾರ ಹೇಳಿ, ಕನಕಪುರ ರಸ್ತೆಯ ಬಸ್ಸಿಗೆ ಹೊರಟುಹೋದಳು.

ಸಂಜೆ ಕಾಫಿ ಕುಡಿಯುತ್ತಾ ನನಗೆ ಸಮಾಧಾನವೇ ಇಲ್ಲ. ಆ ಕ್ಯಾಸೆಟ್ಟಿನಲ್ಲಿ ಏನೋ ಕಡಿಮೆಯಾಗಿತ್ತು. ನಾನು ಗೋಡೆಯಾಚೆಯಿಂದ ಕೇಳಿದ್ದು ಇಷ್ಟೇ ಅಲ್ಲ. ತಟ್ಟೆ ಚಮಚಗಳ ಸದ್ದಿತ್ತು, ಜನ ನಗುತ್ತಿದ್ದರು, ನಡುವೆ ಒಂದು ಮಗುವಿನ ದನಿ ಇತ್ತು. ಮೇಲಿನ ಮನೆಯ ಬಾಡಿಗೆಯವರ ಮಗು ಮೆಟ್ಟಿಲ ಮೇಲೆ ಆಡುತ್ತಿದೆ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ನೆನಪಾಯಿತು, ಅವರು ಮಗುವನ್ನು ಕರೆದುಕೊಂಡು ಶಿವರಾತ್ರಿಗೇ ಬಾಗಲಕೋಟೆಗೆ ಹೋದವರು ಇನ್ನೂ ಬಂದೇ ಇಲ್ಲ.

"ರೀ, ಆ ಟೇಪಲ್ಲಿ ಮಗು ಮಾತಾಡಿತ್ತಲ್ಲ, ಅದೆಲ್ಲಿ?"

"ಯಾವ ಮಗು? ಅದೆಲ್ಲ ಗಲಾಟೆ. ಹಾಡಿಗೂ ಹಾಡಿಗೂ ಮಧ್ಯದ್ದು. ತೆಗೆದ್ಬಿಟ್ಟೆ."

"ಏನು ಅಂದಿತ್ತು ಅದು?"

"ಸಂಗೀತ ಅಲ್ದೇ ಇರೋದನ್ನ ನಾನ್ಯಾಕೆ ಕೇಳಿಸ್ಕೊಳ್ಲಿ?"

ಅಷ್ಟು ವರ್ಷದ ಸಂಸಾರದಲ್ಲಿ ನಾನು ಆ ಮನುಷ್ಯನ ಮೇಲೆ ಕೂಗಿದ್ದು ಕಡಿಮೆ. ಅವತ್ತು ಕೂಗಿದೆ. ಆ ಹುಡುಗಿ ಬಂದಿದ್ದು ಸಂಗೀತಕ್ಕಲ್ಲ, ಅಪ್ಪನಿಗೋಸ್ಕರ. ಮೈಕಿನ ಮುಂದೆ ಯಾರು ಏನು ಮಾತಾಡಿದರೋ ಅದರಲ್ಲೇ ಇಸವಿ ಇರಬಹುದು. ಕೆಮ್ಮಿನ ಜೊತೆಗೆ ಅದನ್ನೂ ಗುಡಿಸಿ ಹಾಕಿದ್ದೀರಲ್ಲ, ನಿಮ್ಮ ಮಡಿಗಿಷ್ಟು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು.

"ಬುಟ್ಟಿಲಿರತ್ತೆ ನೋಡು," ಎಂದರು ಸಣ್ಣ ದನಿಯಲ್ಲಿ.

ಬುಟ್ಟಿಯಲ್ಲಿರಲಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನನ್ನ ಕೂಗು ಅಲ್ಲಿಗೇ ನಿಂತಿತು.

"ಏನಾಯ್ತು?"

"ತಾರಸಿ ಮೇಲೆ ಸಂಡಿಗೆ ಕಾಯ್ತಾ ಇದೆ," ಎಂದೆ.

ಅವರು ಬೈದಿದ್ದರೆ ಚೆನ್ನಾಗಿತ್ತು. ಪಂಚೆ ಎತ್ತಿ ಕಟ್ಟಿ ತಾರಸಿಗೆ ಓಡಿದರು, ಹಿಂದೆಯೇ ನಾನು. ಎರಡು ದಿನದ ಬಿಸಿಲಿಗೆ ತುಂಡುಗಳು ಸುರುಳಿ ಸುತ್ತಿಕೊಂಡಿದ್ದವು, ಒಂದೆರಡು ಮುರಿದು ನೇತಾಡುತ್ತಿದ್ದವು. ಕೂಸಿನ ಉಗುರು ಕತ್ತರಿಸುವಷ್ಟು ಎಚ್ಚರಿಕೆಯಿಂದ ಒಂದೊಂದೇ ಗಂಟು ಬಿಚ್ಚಿದರು. ಕಣ್ಣೆಲ್ಲ ಟೇಪಿನ ಮೇಲಿತ್ತು, ಕಾಲು ಮಾತ್ರ ನನ್ನ ಸಂಡಿಗೆಯ ಮೇಲೆ ನಡೆದಾಡಿತು. ಆ ಹೊತ್ತಿನಲ್ಲಿ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಎದುರುಮನೆಯ ಕಮಲಾದೇವಿಗೂ ಒಂದು ಹಿಡಿ ಟೇಪಿನ ತುಂಡು ಕೊಟ್ಟಿದ್ದೆ. ಆಕೆಯ ಮನೆಯ ಹೊಸ್ತಿಲನ್ನು ಎಂದೂ ತುಳಿಯದ ಇವರು ಹೋಗಿ ತಾರಸಿ ಹತ್ತಬೇಕು ಎಂದರಂತೆ. ಯಾಕೆಂದು ಕೇಳಿದ್ದಕ್ಕೆ, "ರೇಡಿಯೋ ಕೆಲಸ" ಎಂದರಂತೆ. ಆಕೆ ಪಾಪ, ಆಂಟೆನಾ ಕಟ್ಟಲು ಬಂದಿದ್ದಾರೆಂದು ಏಣಿ ತಂದುಕೊಟ್ಟಳು.

ಆ ತುಂಡುಗಳನ್ನು ಮಟ್ಟಸ ಮಾಡಲು ನಿಘಂಟಿನ ಸಂಪುಟಗಳ ನಡುವೆ ಇಟ್ಟು, ಮೇಲೆ ನನ್ನ ರುಬ್ಬುಗುಂಡನ್ನು ಹೇರಿದರು. ವಾರವೆಲ್ಲ ಮಿಕ್ಸಿಯಲ್ಲೇ ಚಟ್ನಿ. ಆಮೇಲೆ ಯಾವುದು ಮೊದಲು ಯಾವುದು ಆಮೇಲೆ, ಯಾವ ತುದಿ ಹಿಂದೆ ಯಾವ ತುದಿ ಮುಂದೆ ಎಂದು ಒಂದೊಂದನ್ನೂ ಕೈಯಿಂದಲೇ ಮೆಲ್ಲಗೆ ಎಳೆದು ಕೇಳಿದರು. ತಿರುಗುಮುರುಗಾದಾಗ ಜನ ಯಾವುದೋ ಲೋಕದ ಭಾಷೆಯಲ್ಲಿ ನಗುತ್ತಿದ್ದರು. ಮೊದಲು ಸಂಗೀತವನ್ನು ಅಂಟಿಸುತ್ತಿದ್ದವರು ಈಗ ತಟ್ಟೆಯ ಸದ್ದು, ಕುರ್ಚಿಯ ಕಿರ್‍ರು, ಚಪ್ಪಾಳೆ, ಕೆಮ್ಮು ಎಲ್ಲವನ್ನೂ ಅದದರ ಜಾಗದಲ್ಲಿ ಕೂರಿಸುತ್ತಾ ಹೋದರು. ಅಷ್ಟು ಶ್ರದ್ಧೆಯಿಂದ ಅವರು ಯಾವ ವಿದ್ವಾಂಸರ ಕಛೇರಿಯನ್ನೂ ಅಂಟಿಸಿದ್ದನ್ನು ನಾನು ಕಂಡಿಲ್ಲ. ನನಗೆ ಅವರ ಮೇಲೆ ಮತ್ತೆ ಪ್ರೀತಿ ಬಂತು. ಕಾಫಿಗೆ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿಕೊಟ್ಟೆ.

ಕಮಲಾದೇವಿಯ ತಾರಸಿಯಿಂದ ಬಂದ ತುಂಡಿನಲ್ಲಿ ಮಗು ಸಿಕ್ಕಿತು. "ಅಪ್ಪಾ" ಎಂದಿತು, ಸ್ಪಷ್ಟವಾಗಿ, ಕನ್ನಡದಲ್ಲಿ. ನಮ್ಮವರು ತಟಕ್ಕನೆ ಕೈ ಎತ್ತಿದರು.

"ಇದು ಬಿಸಿಲಿಗೆ ಬೆಂದುಹೋಗಿದೆ. ಒಂದ್ಸಲ, ಹೆಚ್ಚಂದ್ರೆ ಎರಡು ಸಲ ಓಡತ್ತೆ. ಸುಮ್ನೆ ನಾವು ಕೇಳಿ ಹಾಳು ಮಾಡೋದು ಬೇಡ. ಆ ಹುಡುಗಿ ಬರ್ಲಿ, ಅವಳ ಮುಂದೇನೇ ಓಡಿಸಿ ಕ್ಯಾಸೆಟ್ಟಿಗೆ ಹಿಡೀತೀನಿ."

"ಅತ್ತೇನೂ ಕರ್ಕೊಂಡು ಬರಕ್ಕೆ ಹೇಳಿ," ಎಂದೆ. "ಬ್ಯಾಂಡಲ್ಲಿ ಹದಿನಾರು ಜನ, ಯಾರ ಮಗುವೋ ಏನೋ. ಸಾಕಿದೋಳಿಗೆ ದನಿ ಗೊತ್ತಾಗತ್ತೆ."

ಭಾನುವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಬಂದರು. ಲಕ್ಕಮ್ಮ ಎಂದರೆ ನಾನು ದೊಡ್ಡ ಘಟವಾಣಿಯನ್ನು ಕಲ್ಪಿಸಿಕೊಂಡಿದ್ದೆ. ಇಳಿದದ್ದು ನನ್ನ ಭುಜದಷ್ಟೂ ಇಲ್ಲದ ಮುದುಕಿ, ಎಂಬತ್ತರ ಹತ್ತಿರ, ಮೂಗಿನ ಎರಡೂ ಕಡೆ ಬೊಟ್ಟು, ಮಡಿಲಲ್ಲಿ ನಮಗೆಂದು ತಂದ ಸೀಬೆಹಣ್ಣು. ಮೊದಲೇ ಸಿದ್ಧಮಾಡಿಕೊಂಡಿದ್ದ ನನ್ನ ಸಿಟ್ಟಿಗೆ ಕೂರಲು ಜಾಗವೇ ಸಿಗಲಿಲ್ಲ. ಜಯಾ ಗೋಡೆಗೊರಗಿ ನೆಲದ ಮೇಲೆ ಕೂತಳು.

ನಮ್ಮವರು ಯಂತ್ರ ತಿರುಗಿಸಿದರು. ಹಾಡೊಂದು ಮುಗಿಯಿತು, ಚಪ್ಪಾಳೆ. ತಟ್ಟೆ ಚಮಚ. ಯಾರೋ ಇಂಗ್ಲಿಷಿನಲ್ಲಿ ಕಾಫಿ ಕೇಳಿದರು. ಆಮೇಲೆ ಮೈಕಿಗೆ ಬಹಳ ಹತ್ತಿರದಿಂದ ಮಗು ಹೇಳಿತು:

"ಅಪ್ಪಾ, ಇನ್ನೊಂಚೂರು ಊದು."

"ಇವ್ಳೇಯ," ಎಂದಳು ಲಕ್ಕಮ್ಮ, ಒಂದು ಕ್ಷಣವೂ ತಡೆಯದೆ. "ನಮ್ ಜಯಾನೇ ಇದು."

ಟೇಪಿನಲ್ಲಿ ಗಂಡು ದನಿ, ನಗು ತಡೆದುಕೊಂಡದ್ದು: "ಊದ್ತೀನಿ ಕಣವ್ವ. ಮನೆಗೋದ್ರೆ ಅತ್ತೆಗೆ ಏನಂತ ಹೇಳ್ಬೇಕು?"

"ಲಾಲ್‌ಬಾಗು."

"ಲಾಲ್‌ಬಾಗಲ್ಲಿ ಏನ್ ನೋಡ್ದೆ?"

"ಹೂವ."

ಸುತ್ತಲಿದ್ದವರು ನಕ್ಕರು. ಮಾಸ್ಟರು ಕಾಲಲ್ಲಿ ತಾಳ ಕೊಟ್ಟ ಸದ್ದು. ಹದಿನಾರು ಜನ ಒಮ್ಮೆಗೇ ಎದ್ದರು. ಅಲ್ಲಿಗೆ ಟೇಪು ತುಂಡಾಗಿ ಚಕ್ರ ಬರಿದೇ ತಿರುಗಿತು. ಕ್ಯಾಸೆಟ್ಟಿಗೆ ಅಷ್ಟೂ ಸಿಕ್ಕಿತ್ತು.

ಲಕ್ಕಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. "ಭಾನ್ವಾರ ಭಾನ್ವಾರ..." ಎಂದಳು. "ಮಗೀಗೆ ಹೂವಾ ತೋರಿಸ್ಕೊಂಡ್ ಬರ್ತೀನಿ ಅಂತ ಸೈಕಲ್ ಮ್ಯಾಲೆ ಕೂರಿಸ್ಕೊಂಡ್ ಹೋಗೋನು. ನಾನೇ ಇವಳಿಗೆ ತಲೆ ಬಾಚಿ, ಹೊಸ ಲಂಗ ಹಾಕಿ ಕಳಿಸ್ತಿದ್ದೆ. ಊದಲ್ಲ ಅಂತ ಇವಳ ತಲೆ ಮ್ಯಾಲೆ ಕೈ ಮಡಗಿಸಿ ಆಣೆ ಹಾಕಿಸ್ಕೊಂಡಿದ್ದೋಳು ನಾನು. ಅದೇ ತಲೇನ ಜೊತೇಲಿ ಕರ್ಕೊಂಡೋಗಿ ಊದವ್ನೆ, ಕಳ್ಳ!" ಎಂದು ಜಯಾಳನ್ನು ಮೇಲಿನಿಂದ ಕೆಳಗೆ ನೋಡಿ, "ಏನೂ ಆಗಿಲ್ಲ ಬಿಡು, ಗುಂಡ್‌ಕಲ್ಲಂಗವ್ಳೆ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಮುದುಕಿಯೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಎಷ್ಟು ದಿನ ಹೀಗೆ ಮಾಡಿದ್ರಮ್ಮಾ ಅವರು?" ಎಂದು ನಮ್ಮವರು ಕೇಳಿದರು.

"ಇವಳು ಇಸ್ಕೂಲಿಗೆ ಸೇರೋಗಂಟ. ಆಮ್ಯಾಕೆ ಆ ಬ್ಯಾಂಡೇ ಮುರಿದ್ಬಿತ್ತಂತಲ್ಲ, ಆಗ ಲಾಲ್‌ಬಾಗೂ ನಿಂತೋಯ್ತು. ಮಗೀಗೆ ಹೂವಾ ಸಾಕಾಯ್ತು ಅಂದ."

ನಾನು ಲೆಕ್ಕ ಹಾಕಿದೆ. ಮೂರು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಮಾತಾಡಿಸಿದ ಕಿವಿ ನನ್ನದು. ಆ ಮಗುವಿಗೆ ಎರಡೂವರೆ ತುಂಬಿದೆ, ಮೂರು ದಾಟಿಲ್ಲ. ಅರವತ್ತೆರಡು ಎಂದೆ. ನಮ್ಮವರು ಎದುರು ಮಾತಾಡದೆ ಪೆನ್ಸಿಲು ತೆಗೆದುಕೊಂಡು ಡಬ್ಬಿಯ ಮೇಲೆ ಇಸವಿ ಬರೆದರು. ಅದರ ಕೆಳಗೆ 'ಮಾತು ಸಹಿತ' ಎಂದೂ ಬರೆದರು.

ಜಯಾ ಈಗ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿಸಿಕೊಂಡಳು. ಚಪ್ಪಾಳೆ, ತಟ್ಟೆ, ಅಪ್ಪಾ, ಲಾಲ್‌ಬಾಗು, ಹೂವ. ಹದಿನಾರು ಜನ ಎದ್ದರು, ಟೇಪು ತುಂಡಾದ ಮೇಲೆ ನಮ್ಮವರು ಅದರ ಬೆನ್ನಿಗೇ ಕ್ಯಾಸೆಟ್ಟಿಗೆ ಇಳಿಸಿದ್ದ ಹಾಡಿನ ಉಳಿದ ಭಾಗ ಬಂತು, ಎಲ್ಲರೂ ತಗ್ಗಿದರು, ಒಂಟಿ ಸ್ಯಾಕ್ಸೊಫೋನು ಮೇಲೆ ಬಂತು. ಅವಳು ಮಂಡಿಯೂರಿ ಮುದುಕಿಯ ಹತ್ತಿರ ಸರಿದು, ಆಕೆಯ ಎರಡೂ ಕೈ ಹಿಡಿದುಕೊಂಡಳು.

"ನಾನೇ ಅತ್ತೆ, ಊದು ಅಂದಿದ್ದು. ಕೇಳಿಸ್ತಾ? ನಾನೇ ಅಂದಿದ್ದು."

"ಕೇಳಿಸ್ತು ಕಣೆ," ಎಂದಳು ಲಕ್ಕಮ್ಮ. "ಸುಮ್ನಿರು ಈಗ. ಅವ್ನು ಊದ್ತಾವ್ನೆ."